ಕುಂಬಳಕಾಯಿ ಕಳ್ಳನೂ ಹೆಗಲ ಗುರುತೂ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೂದುಗುಂಬಳದ ಮೈಮೇಲಿನ ಬಿಳಿಯ ಪುಡಿ ಹೊತ್ತವನ ಹೆಗಲಿಗೂ ಹತ್ತುತ್ತದೆ. ಕದ್ದವನು ಆ ಗುರುತಿಗೆ ಅಂಜಿ, ತನ್ನ ಕೈಯಿಂದಲೇ ತನ್ನನ್ನು ತೋರಿಸಿಕೊಡುತ್ತಾನೆ. ಅಪರಾಧಿಯ ಮನಸ್ಸನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದಿಟ್ಟ ನಮ್ಮ ಹಿರಿಯರ ಜಾಣ್ಮೆ ಸಾಮಾನ್ಯವಾದುದಲ್ಲ.

ಈಚೆಗೆ ತರಗತಿಯಲ್ಲಿ ಈ ಗಾದೆಯನ್ನು ವಿವರಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಸಾರ್, ಈಗ ಕಳ್ಳ ಹೆಗಲು ಮುಟ್ಟುವ ತನಕ ಕಾಯಬೇಕಾಗಿಲ್ಲ. ಎಲ್ಲರ ಡಿ. ಎನ್. ಎ. ಗುರುತನ್ನೂ ಬರೆದಿಟ್ಟುಕೊಂಡರೆ ಅವನು ತಾನೇ ಸಿಕ್ಕುತ್ತಾನೆ” ಎಂದ. ತರಗತಿಯೆಲ್ಲ ತಲೆದೂಗಿತು. ನಾನು ಕೇಳಿದೆ: “ನಾಳೆ ನಮ್ಮೂರಿನಲ್ಲಿ ಒಂದು ಕೊಲೆಯಾದರೆ, ಪರೀಕ್ಷೆಗಾಗಿ ನೀವೆಲ್ಲ ಎಂಜಲನ್ನು ಕೊಡುವಿರಾ?” ಕೈಗಳೆಲ್ಲ ಮೇಲೆದ್ದವು. “ಕೊಲೆಗಾರ ಸಿಕ್ಕಿದ ಮೇಲೂ ಅದು ಸರ್ಕಾರದ ಬಳಿಯಲ್ಲಿ ಸದಾಕಾಲ ಇರಲೆನ್ನುವಿರಾ?” ಅರ್ಧದಷ್ಟು ಕೈಗಳು ಇಳಿದವು. ಹಿಂದಿನ ಸಾಲಿನ ಹುಡುಗನೊಬ್ಬ ಮೆಲ್ಲನೆ, “ಪಟ್ಟಿಯಲ್ಲಿ ಮೊದಲು ಯಾರ ಹೆಸರು ಬರುತ್ತದೆ, ಸಾರ್?” ಎಂದ. ಅಷ್ಟರಲ್ಲಿ ಗಂಟೆ ಬಾರಿಸಿತು. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಏರಿದ ಕೈ, ಇಳಿದ ಕೈ, ಆ ಮೆಲ್ಲನೆಯ ಪ್ರಶ್ನೆ – ಈ ಮೂರನ್ನೂ ಅರಿಯಬೇಕಾದರೆ ಈ ವಿದ್ಯೆ ಹುಟ್ಟಿದ ಇಂಗ್ಲೆಂಡಿನ ಕಥೆಯನ್ನು ಕೇಳಬೇಕು.

೧೯೮೪ರ ಸೆಪ್ಟೆಂಬರ್ ೧೦ರಂದು ಲೆಸ್ಟರ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿ, ಮನುಷ್ಯನಿಂದ ಮನುಷ್ಯನಿಗೆ ಭಿನ್ನವಾದ ಡಿ. ಎನ್. ಎ. ವಿನ್ಯಾಸಗಳನ್ನು ಒಂದು ಎಕ್ಸ್-ರೇ ಫಿಲ್ಮಿನ ಮೇಲೆ ಕಂಡರು. ಅಲ್ಲಿಗೆ ಕೆಲವೇ ಮೈಲಿ ದೂರದ ನಾರ್ಬರೋ ಗ್ರಾಮದ ಪರಿಸರದಲ್ಲಿ ೧೯೮೩ರಲ್ಲಿ ಒಬ್ಬಳು, ೧೯೮೬ರಲ್ಲಿ ಮತ್ತೊಬ್ಬಳು, ಹೀಗೆ ಹದಿನೈದು ವರ್ಷದ ಇಬ್ಬರು ಬಾಲಿಕೆಯರು ಅತ್ಯಾಚಾರಕ್ಕೆ ಗುರಿಯಾಗಿ ಕೊಲೆಯಾದರು. ಪೋಲೀಸರು ಹದಿನೇಳು ವರ್ಷದ ಹುಡುಗನೊಬ್ಬನನ್ನು ಹಿಡಿದರು. ಎರಡನೆಯ ಕೊಲೆಯನ್ನು ಅವನು ಒಪ್ಪಿಕೊಂಡೂಬಿಟ್ಟ. ಮೊದಲನೆಯದೂ ಅವನದೇ ಎಂದು ಸಿದ್ಧಪಡಿಸಲೆಂದು ಪೋಲೀಸರು ಜೆಫ್ರಿಸರ ನೆರವನ್ನು ಬೇಡಿದರು. ಪರೀಕ್ಷೆ ಹೇಳಿದ್ದೇ ಬೇರೆ: ಎರಡನ್ನೂ ಮಾಡಿದವನು ಒಬ್ಬನೇ ನಿಜ, ಆದರೆ ಅವನು ಈ ಹುಡುಗನಲ್ಲ! ಕೊಲೆಯ ತನಿಖೆಗೆ ಕಾಲಿಟ್ಟ ಈ ವಿದ್ಯೆ ಮೊದಲು ಮಾಡಿದ ಕೆಲಸ ಅಪರಾಧಿಯನ್ನು ಹಿಡಿದುದಲ್ಲ, ನಿರಪರಾಧಿಯನ್ನು ಬಿಡಿಸಿದುದು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

೧೯೮೭ರ ಆರಂಭದಲ್ಲಿ ಪೋಲೀಸರು ಸುತ್ತಲಿನ ಮೂರು ಗ್ರಾಮಗಳ ಯುವಕರನ್ನು ರಕ್ತ ಅಥವಾ ಎಂಜಲನ್ನು ಕೊಡಬೇಕೆಂದು ಕೇಳಿಕೊಂಡರು. ಅದು ಕೇಳಿಕೆಯೇ ಹೊರತು ಕಾನೂನಿನ ಕಟ್ಟಳೆಯಲ್ಲ. ಆದರೂ ಐದು ಸಾವಿರಕ್ಕೆ ಮೇಲ್ಪಟ್ಟು ಗಂಡಸರು ಕೊಟ್ಟರು. ಒಬ್ಬನು ಮಾತ್ರ ತನ್ನ ಬದಲಿಗೆ ಬೇಕರಿಯ ಸಹೋದ್ಯೋಗಿಯೊಬ್ಬನನ್ನು ಕಳುಹಿಸಿದ. ಆ ಸಹೋದ್ಯೋಗಿ ಮುಂದೊಂದು ದಿನ ಪಾನಗೃಹದಲ್ಲಿ ಬಾಯಿಬಿಟ್ಟ. ಕೇಳಿದವರೊಬ್ಬರು ಪೋಲೀಸರಿಗೆ ತಿಳಿಸಿದರು. ಸೆಪ್ಟೆಂಬರಿನಲ್ಲಿ ಕಾಲಿನ್ ಪಿಚ್‌ಫೋರ್ಕ್ ಸೆರೆಸಿಕ್ಕಿದ. ೧೯೮೮ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ನಮ್ಮ ಗಾದೆಯೇ ಅಲ್ಲವೇ ಇದು? ಅಷ್ಟು ಜನರ ರಕ್ತವನ್ನು ಪರೀಕ್ಷಿಸಿದರೂ ಕೊನೆಗೆ ಕಳ್ಳನನ್ನು ತೋರಿಸಿಕೊಟ್ಟದ್ದು ಅವನು ಹೆಗಲು ಮುಟ್ಟಿಕೊಂಡ ಕೈ.

ಅಲ್ಲಿಯವರೆಗೆ ಏರಿದ ಕೈಗಳ ಕಥೆ. ೧೯೯೫ರಲ್ಲಿ ಇಂಗ್ಲೆಂಡು ಇಂಥ ಗುರುತುಗಳ ರಾಷ್ಟ್ರೀಯ ಭಂಡಾರವೊಂದನ್ನು ತೆರೆಯಿತು. ಆಗಿನ ಕಾನೂನಿನಂತೆ, ಆರೋಪದಿಂದ ಮುಕ್ತನಾದವನ ಮಾದರಿಯನ್ನು ನಾಶಪಡಿಸಬೇಕಾಗಿತ್ತು. ೧೯೯೭ರಲ್ಲಿ ಲಂಡನ್ನಿನಲ್ಲಿ ವೃದ್ಧೆಯೊಬ್ಬರ ಮೇಲೆ ಅತ್ಯಾಚಾರ ನಡೆಯಿತು. ಅಲ್ಲಿ ದೊರೆತ ಗುರುತು ಮರುವರ್ಷ ಒಬ್ಬನ ಗುರುತಿಗೆ ಹೊಂದಿತು. ಆದರೆ ಅವನ ಮಾದರಿಯನ್ನು ತೆಗೆದುಕೊಂಡಿದ್ದುದು ಬೇರೊಂದು ಕನ್ನದ ಆರೋಪದಲ್ಲಿ; ಆ ಆರೋಪದಿಂದ ಅವನು ಅದಾಗಲೇ ಖುಲಾಸೆಯಾಗಿದ್ದ. ನಾಶವಾಗಬೇಕಾಗಿದ್ದ ಗುರುತು ಸಾಕ್ಷ್ಯವಾಗದು ಎಂದು ವಿಚಾರಣಾ ನ್ಯಾಯಾಧೀಶರು ತಳ್ಳಿಹಾಕಿದರು. ಇಂಥದನ್ನು ಕೇಳಿದಾಗ ಯಾರ ರಕ್ತ ತಾನೇ ಕುದಿಯದು? ಆ ವೃದ್ಧೆಯ ಕಣ್ಣೀರಿನ ಮುಂದೆ ಕಾನೂನಿನ ಸೂಕ್ಷ್ಮಗಳನ್ನು ಹಿಡಿದು ನಿಲ್ಲುವುದು ಕಷ್ಟ. ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ ೨೦೦೧ರಲ್ಲಿ ಶಾಸನ ಬದಲಾಯಿತು: ಖುಲಾಸೆಯಾದವರ ಗುರುತನ್ನೂ ಇಟ್ಟುಕೊಳ್ಳಬಹುದು. ೨೦೦೩ರ ಶಾಸನ ಮತ್ತೊಂದು ಹೆಜ್ಜೆ ಮುಂದಿಟ್ಟಿತು: ಭಂಡಾರಕ್ಕೆ ಸೇರಲು ಆರೋಪಪಟ್ಟಿಯೂ ಬೇಡ, ಬಹುತೇಕ ಅಪರಾಧಗಳಲ್ಲಿ ಬಂಧನವಾದರೆ ಸಾಕು.

ಇಲ್ಲಿಂದ ಕೈಗಳು ಇಳಿಯತೊಡಗಿದವು. ಷೆಫೀಲ್ಡ್ ನಗರದ ಹನ್ನೊಂದು ವರ್ಷದ ಬಾಲಕನೊಬ್ಬ ದರೋಡೆಯ ಯತ್ನದ ಆರೋಪದಿಂದ ೨೦೦೧ರಲ್ಲಿ ಮುಕ್ತನಾದ. ಅದೇ ನಗರದ ಮತ್ತೊಬ್ಬರ ಮೇಲಿನ ಮೊಕದ್ದಮೆ ವಿಚಾರಣೆಯಿಲ್ಲದೆಯೇ ಮುಗಿಯಿತು. ತಮ್ಮ ಗುರುತುಗಳನ್ನು ಅಳಿಸಬೇಕೆಂದು ಇಬ್ಬರೂ ಕೇಳಿಕೊಂಡರು. ಸ್ವದೇಶದ ನ್ಯಾಯಾಲಯಗಳು ಒಪ್ಪಲಿಲ್ಲ. ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ಹದಿನೇಳು ಮಂದಿ ನ್ಯಾಯಾಧೀಶರು ೨೦೦೮ರ ಡಿಸೆಂಬರ್ ೪ರಂದು ಏಕಕಂಠದಿಂದ ತೀರ್ಪಿತ್ತರು: ತಪ್ಪಿತಸ್ಥರೆಂದು ಸಿದ್ಧವಾಗದವರನ್ನು ತಪ್ಪಿತಸ್ಥರೊಡನೆ ಒಂದೇ ಸಾಲಿನಲ್ಲಿ, ಯಾವ ವಿವೇಚನೆಯೂ ಇಲ್ಲದೆ ಇಟ್ಟುಕೊಳ್ಳುವುದು ಖಾಸಗಿ ಬದುಕಿನ ಹಕ್ಕಿಗೆ ಭಂಗ. ಆ ಬಳಿಕ ೨೦೧೨ರಲ್ಲಿ ಹೊಸ ಶಾಸನ ಬಂದಿತು. ಅದರನ್ವಯ ನಿರ್ದೋಷಿಗಳ ಮತ್ತು ಮಕ್ಕಳ ೧೭ ಲಕ್ಷಕ್ಕೂ ಹೆಚ್ಚು ಗುರುತುಗಳನ್ನು ಭಂಡಾರದಿಂದ ಅಳಿಸಿಹಾಕಲಾಯಿತು.

ಈ ವಿವಾದದ ನಡುವೆ, ೨೦೦೯ರಲ್ಲಿ, ಬ್ರಿಟನ್ನಿನ ಮಾನವ ಆನುವಂಶಿಕತಾ ಆಯೋಗವು ಒಂದು ವರದಿಯನ್ನು ಪ್ರಕಟಿಸಿತು. ‘ಮುಚ್ಚಿಡಲು ಏನೂ ಇಲ್ಲದವನಿಗೆ ಅಂಜಿಕೆಯೂ ಇಲ್ಲ’ ಎಂಬ ಜನಜನಿತವಾದ ಮಾತೇ ಅದರ ಶೀರ್ಷಿಕೆ. ಕೊನೆಯಲ್ಲಿ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮ ಗಾದೆಗೂ ಅಂಥದೊಂದು ಚಿಹ್ನೆಯನ್ನು ಇಟ್ಟು ನೋಡಬೇಕಾಗಿದೆ. ಸಂತೆಯ ನಡುವೆ ಯಾರೋ ‘ಕಳ್ಳ’ ಎಂದು ಕೂಗಿದಾಗ ಕದ್ದವನು ಮಾತ್ರವೇ ಬೆಚ್ಚುತ್ತಾನೆಯೇ? ಹಿಂದೆ ಎಂದೋ ಸುಮ್ಮಸುಮ್ಮನೆ ಏಟು ತಿಂದವನೂ ಬೆಚ್ಚುತ್ತಾನೆ. ಅವನ ಕೈ ಹೆಗಲಿಗೆ ಹೋಗುವುದು ಪಾಪಪ್ರಜ್ಞೆಯಿಂದಲ್ಲ, ಪೂರ್ವಾನುಭವದಿಂದ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಭಂಡಾರದಲ್ಲಿ ಬರೆದಿಡುವ ಗುರುತು ಎಂದರೆ ಡಿ. ಎನ್. ಎ.ಯ ಆಯ್ದ ಕೆಲವು ಸ್ಥಾನಗಳನ್ನು ಅಳೆದು ಪಡೆದ ಒಂದು ಅಂಕಿಗಳ ಸಾಲು. ಅದು ಹೆಗಲ ಮೇಲಿನ ಬೂದಿಯಿದ್ದಂತೆ. ಆದರೆ ತೆಗೆದುಕೊಂಡ ಎಂಜಲಿನ ಮಾದರಿಯನ್ನೇ ಇಟ್ಟುಕೊಂಡರೆ ಅದು ಬೀಜಸಮೇತವಾದ ಇಡಿಯ ಕಾಯಿ; ವಂಶದ ರೋಗಗಳ ಸುಳಿವು ಸಹ ಅದರಲ್ಲಿ ಅಡಗಿರುತ್ತದೆ. ಬೂದಿಯಾದರೂ ಒಬ್ಬನದೇ ಅಲ್ಲ. ೨೦೦೩ರಲ್ಲಿ ಇಂಗ್ಲೆಂಡಿನ ಹೆದ್ದಾರಿಯೊಂದರ ಸೇತುವೆಯ ಮೇಲಿನಿಂದ ಎಸೆದ ಇಟ್ಟಿಗೆ ತಾಗಿ ಲಾರಿ ಚಾಲಕರೊಬ್ಬರು ಸತ್ತರು. ಇಟ್ಟಿಗೆಗೆ ಹತ್ತಿದ್ದ ರಕ್ತದ ಗುರುತು ಭಂಡಾರದ ಯಾರಿಗೂ ಪೂರ್ಣವಾಗಿ ಹೊಂದಲಿಲ್ಲ. ಅದರಲ್ಲಿದ್ದ ಒಬ್ಬ ಬಂಧುವಿನ ಗುರುತಿಗೆ ಹತ್ತಿರವಾಗಿತ್ತು. ಆ ಜಾಡನ್ನು ಹಿಡಿದು ಹೋದ ಪೋಲೀಸರು ಎಸೆದವನನ್ನು ಕಂಡುಹಿಡಿದರು. ೨೦೦೪ರಲ್ಲಿ ಅವನಿಗೆ ಶಿಕ್ಷೆಯಾಯಿತು. ನ್ಯಾಯ ದೊರಕಿತೆಂಬುದು ನಿಜ. ಒಬ್ಬನು ಪಟ್ಟಿಗೆ ಸೇರಿದರೆ ಅವನ ಮನೆಮಂದಿಯೆಲ್ಲ ಅರ್ಧ ಸೇರಿದಂತೆ ಎಂಬುದೂ ಅಷ್ಟೇ ನಿಜ.

ಹಾಗಾದರೆ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಯಾರದು? ಪೋಲೀಸರು ಯಾರನ್ನು ಹೆಚ್ಚಾಗಿ ತಡೆದು ನಿಲ್ಲಿಸುತ್ತಾರೋ ಅವರದು. ಇಂಗ್ಲೆಂಡಿನ ಭಂಡಾರದಲ್ಲಿ ಕಪ್ಪು ವರ್ಣದ ತರುಣರ ಗುರುತುಗಳು ಅವರ ಜನಸಂಖ್ಯೆಯ ಪ್ರಮಾಣವನ್ನು ಮೀರಿ ತುಂಬಿದ್ದವು. ನಮ್ಮ ನಾಡಿಗೂ ಪಟ್ಟಿ ಹೊಸದಲ್ಲ. ೧೮೭೧ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡು, ಹಾಜರಿ ಹಾಕಿಸಿ, ಬೆರಳಚ್ಚು ತೆಗೆದುಕೊಂಡು ಕಾವಲಿನಲ್ಲಿಟ್ಟಿತು. ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಆ ಕಾಲದ ಉಳಿಕೆ. ಕಾಯಿದೆ ೧೯೫೨ರಲ್ಲಿ ರದ್ದಾಯಿತು. ಹೆಸರು ಉಳಿಯಿತು, ಹೆಸರಿನೊಡನೆ ನೆರೆಯವರ ಸಂಶಯವೂ ಬಹುಕಾಲ ಉಳಿಯಿತು. ಬರಿಯ ಕಾಗದದ ಪಟ್ಟಿಯೇ ಅಷ್ಟು ಆಳವಾಗಿ ಮೈಗೆ ಹತ್ತುವುದಾದರೆ, ಮೈಯಿಂದಲೇ ತೆಗೆದ ಪಟ್ಟಿಯ ಮಾತೇನು?

ಇದು ನಮಗೆ ದೂರದ ಪ್ರಶ್ನೆಯಲ್ಲ. ರಾಷ್ಟ್ರೀಯ ಮತ್ತು ಪ್ರಾದೇಶಿಕ ಡಿ. ಎನ್. ಎ. ಭಂಡಾರಗಳನ್ನು ಸ್ಥಾಪಿಸಲೆಂದು ೨೦೧೯ರಲ್ಲಿ ಲೋಕಸಭೆಯ ಮುಂದೆ ಬಂದ ಮಸೂದೆಯನ್ನು ೨೦೨೩ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆದರೆ ೧೯೨೦ರ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದ ೨೦೨೨ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆಯು ಬೆರಳಚ್ಚಿನ ಜೊತೆಗೆ ಜೈವಿಕ ಮಾದರಿಗಳನ್ನೂ ಅವುಗಳ ವಿಶ್ಲೇಷಣೆಯನ್ನೂ ಒಳಗೊಂಡಿದೆ. ದಾಖಲೆಯನ್ನು ೭೫ ವರ್ಷ ಇಟ್ಟುಕೊಳ್ಳಬಹುದು. ಹಿಂದೆ ಶಿಕ್ಷೆಯಾಗದಿದ್ದವನು ಖುಲಾಸೆಯಾದರೆ, ನ್ಯಾಯಾಲಯ ಬೇರೆ ಬಗೆಯಾಗಿ ಆದೇಶಿಸದ ಹೊರತು, ಅಳಿಸಬೇಕೆಂಬ ಮಾತೂ ಅದರಲ್ಲಿದೆ. ಮಾತು ಒಳ್ಳೆಯದು. ಆದರೆ ನಮ್ಮಲ್ಲಿ ಮೊಕದ್ದಮೆಯೊಂದು ಮೇಲ್ಮನವಿಗಳನ್ನೆಲ್ಲ ದಾಟಿ ಮುಗಿಯಲು ಎಷ್ಟು ಕಾಲ ಹಿಡಿಯುವುದೆಂದು ಬಲ್ಲವರಿಗೆ, ಆ ಅಳಿಸುವ ದಿನ ಎಷ್ಟು ದೂರವೆಂಬುದನ್ನು ಹೇಳಬೇಕಾಗಿಲ್ಲ.

ವಿಜ್ಞಾನವನ್ನು ದೂರುವುದು ನನ್ನ ಉದ್ದೇಶವಲ್ಲ. ಮಾಡದ ಕೊಲೆಯನ್ನು ಒಪ್ಪಿಕೊಂಡಿದ್ದ ಆ ಹದಿನೇಳರ ಹುಡುಗನನ್ನು ಕಾಪಾಡಿದ್ದು ಅದೇ ವಿಜ್ಞಾನ. ನಾರ್ಬರೋದ ಐದು ಸಾವಿರ ಜನ ರಕ್ತ ಕೊಟ್ಟದ್ದು ಅವರನ್ನು ಕೇಳಿಕೊಂಡದ್ದರಿಂದ, ಏತಕ್ಕೆಂದು ಅವರಿಗೆ ತಿಳಿದಿದ್ದರಿಂದ, ಕೊಲೆಯಾದ ಮಕ್ಕಳು ತಮ್ಮೂರಿನ ಮಕ್ಕಳಾದ್ದರಿಂದ. ಜನ ಕೊಡಲು ಹಿಂಜರಿಯುವುದಿಲ್ಲ. ಕೊಟ್ಟದ್ದನ್ನು ಮರಳಿ ಪಡೆಯಲಾಗದೆಂದಾಗ ಹಿಂಜರಿಯುತ್ತಾರೆ. ನೆನಪಿಡುವ ಶಕ್ತಿಯನ್ನು ಸರ್ಕಾರಕ್ಕೆ ಯಂತ್ರಗಳು ಕೊಟ್ಟಿವೆ. ಮರೆಯುವ ಕರ್ತವ್ಯವನ್ನು ಅದಕ್ಕೆ ನಾವೇ ಕಲಿಸಬೇಕು.

ಮರುದಿನ ತರಗತಿಯಲ್ಲಿ ಹಿಂದಿನ ಸಾಲಿನ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸಾರ್, ಕಾಯಿ ಕದಿಯದವನ ಹೆಗಲನ್ನು ನೋಡಿದ ಮೇಲೆ ಅವನನ್ನು ಮನೆಗೆ ಕಳಿಸಬೇಕು, ಅಷ್ಟೆ ತಾನೆ?” ಎಂದ. ಅದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.