ಭಾಷಾವೃಕ್ಷದ ಕಡತ ತಂತ್ರಾಂಶ ದಾಟುವಾಗ ಏನು ಉಳಿಯುತ್ತದೆ?

ನೀಲಗಿರಿಯ ಬಡಗ ನುಡಿ ಕನ್ನಡದ ಉಪಭಾಷೆಯೋ, ಬೇರೆಯದೇ ಭಾಷೆಯೋ ಎಂಬ ವಾದ ಬಂದಾಗ ಈಗ ಹಲವರು ಮರದ ಚಿತ್ರ ತೋರಿಸ್ತಾರೆ. 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಮ್ ಮತ್ತು ಸಂಗಡಿಗರು 20 ದ್ರಾವಿಡ ಭಾಷೆಗಳ ಪದಪಟ್ಟಿಗಳನ್ನು ಬೇಯೇಸಿಯನ್ ವಿಧಾನದಲ್ಲಿ ಹೋಲಿಸಿ, ಈ ಕುಟುಂಬಕ್ಕೆ ಸುಮಾರು 4500 ವರ್ಷ ವಯಸ್ಸು ಅಂದಾಜು ಮಾಡಿದರು. ಅದರಲ್ಲಿ ಬಡಗ, ಬೆಟ್ಟ ಕುರುಂಬ, ಕೋತ, ತೊದ, ಕೊಡವ, ತುಳು ಇವೆ. ನಮ್ಮ ನೆರೆಹೊರೆಯೇ ಅನ್ನಿ. ಇಂಥ ಮರ ಚಿತ್ರವಾಗುವ ಮೊದಲು ಎರಡು-ಮೂರು ತಂತ್ರಾಂಶ ದಾಟಿರುತ್ತದೆ. ದಾರಿಯಲ್ಲಿ ಏನು ಉದುರುತ್ತೆ ಅನ್ನೋದು ಇವತ್ತಿನ ಮಾತು.

ಎಲ್ಲಕ್ಕಿಂತ ಸರಳ ರೂಪ ನ್ಯೂವಿಕ್. 1986ರಲ್ಲಿ ಫೆಲ್ಸೆನ್‌ಸ್ಟೈನ್ ಮುಂತಾದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೇರಿ ಒಪ್ಪಿಕೊಂಡದ್ದು. ಕೊನೆಯ ಬೈಠಕ್ ನಡೆದ ಹೋಟೆಲಿನ ಹೆಸರೇ ಇದಕ್ಕೂ ಅಂಟಿತು. ಉದಾಹರಣೆಗೆ (ಸಂಖ್ಯೆಗಳು ಸುಮ್ಮನೆ ಹಾಕಿದವು):

((ಕನ್ನಡ:1,ಬಡಗ:1)0.9:2,ತುಳು:3);

ಆವರಣವೆಂದರೆ ಕವಲು, ಕೋಲನ್ ನಂತರದ್ದು ಕೊಂಬೆಯ ಉದ್ದ. ಕನ್ನಡ ಮೊದಲು ಬಂತೆಂದು ಅದು ಹಿರಿಯದಲ್ಲ. ಅದಲುಬದಲು ಬರೆದರೂ ಅದೇ ಮರ. ತೊಂದರೆ ಇರೋದು 0.9ರಲ್ಲಿ. ಆ ಕವಲನ್ನು ಎಷ್ಟು ನಂಬಬಹುದು ಅನ್ನುವ ಸಂಖ್ಯೆ ಅದು. ಆದರೆ ನ್ಯೂವಿಕ್‌ಗೆ ಅದು ಬರೀ ಗಂಟಿನ ಹೆಸರು. ನಿಜವಾಗಿ ಅದು ಸೇರಬೇಕಾದ್ದು ಕೊಂಬೆಗೆ. ಹಾಗಾಗಿ ಬೇರಿನ ಜಾಗ ಬದಲಿಸಿದಾಗ ಕೆಲವು ತಂತ್ರಾಂಶಗಳು ಸಂಖ್ಯೆಯನ್ನು ತಪ್ಪು ಕೊಂಬೆಗೆ ಹಚ್ಚುತ್ತವೆ. 2017ರಲ್ಲಿ ಚೆಕ್, ಹುಯೆರ್ಟಾ-ಸೆಪಾಸ್, ಸ್ಟಾಮಟಾಕಿಸ್ ಇದನ್ನು ವಿವರವಾಗಿ ತೋರಿಸಿದ್ದಾರೆ.

ಬೀಸ್ಟ್‌ನಿಂದ ಬರುವ ಸಾರಾಂಶ ಮರ ನೆಕ್ಸಸ್ ರೂಪದ್ದು (1997ರದು). ಅದರಲ್ಲಿ ಮೇಲೆ ಅನುವಾದ ಪಟ್ಟಿ: 1 ಅಂದ್ರೆ ಇಂಥ ಭಾಷೆ, 2 ಅಂದ್ರೆ ಇಂಥದ್ದು. ಕೆಳಗಿನ ಮರದ ಸಾಲಿನಲ್ಲಿ ಅಂಕಿಗಳಷ್ಟೇ. ಆ ಸಾಲನ್ನು ಮಾತ್ರ ನಕಲಿಸಿದರೆ ಭಾಷೆಗಳ ಹೆಸರು ಹೋಯಿತು. ಸಂಭಾವ್ಯತೆ, ಕಾಲದ ಅಂತರ ಎಲ್ಲ ಚೌಕಾವರಣದ ಟಿಪ್ಪಣಿಯಲ್ಲಿರುತ್ತವೆ. ಆರ್ ಭಾಷೆಯ ಏಪ್ ಪ್ಯಾಕೇಜಿನಲ್ಲಿ ನೆಕ್ಸಸ್ ಓದಿಸಿದರೆ ಹೆಸರು ಸರಿಯಾಗಿ ಬರುತ್ತೆ, ಟಿಪ್ಪಣಿ ಬಿದ್ದುಹೋಗುತ್ತೆ. ಟ್ರೀಐಒ ಅದನ್ನು ಉಳಿಸಿಕೊಳ್ಳುತ್ತೆ. ಬಿದ್ದದ್ದು ಯಾರಿಗೂ ಕಾಣೋದಿಲ್ಲ, ಅಲ್ವಾ? ಗಟ್ಟಿ ಕವಲು, ಅನುಮಾನದ ಕವಲು ಎರಡೂ ಒಂದೇ ಗೆರೆಯಾಗಿ ನಿಲ್ಲುತ್ತವೆ, ಅದನ್ನೇ ಹಿಡಿದು ಒಂದು ಸಮುದಾಯದ ನುಡಿಯ ಬಗ್ಗೆ ತೀರ್ಪು ಕೊಡ್ತೀವಿ.

ಇನ್ನು ಅಡಿಗೆರೆ. ‘ಬೆಟ್ಟ_ಕುರುಂಬ’ ಎಂದು ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ನ್ಯೂವಿಕ್ ನಿಯಮದಂತೆ ಅಡಿಗೆರೆ ಎಂದರೆ ಖಾಲಿ ಜಾಗ. ಕೆಲವು ತಂತ್ರಾಂಶ ಇದನ್ನು ಪಾಲಿಸುತ್ತವೆ, ಕೆಲವು ಇಲ್ಲ. ಪದಪಟ್ಟಿಯ ಹೆಸರಿಗೂ ಮರದ ಹೆಸರಿಗೂ ಹೊಂದಿಕೆಯಾಗದೆ, ಹೊಂದದ್ದನ್ನು ಕತ್ತರಿಸುವ ಸ್ಕ್ರಿಪ್ಟಿನಲ್ಲಿ ಆ ಭಾಷೆಯೇ ಮಾಯ. ಕಡತದೊಳಗೆ ಐಎಸ್‌ಒ 639-3ರ ಮೂರಕ್ಷರದ ಸಂಕೇತವಿಟ್ಟು, ಕನ್ನಡ ಹೆಸರುಗಳನ್ನು ಬೇರೆ ಪಟ್ಟಿಯಲ್ಲಿಟ್ಟು ಚಿತ್ರ ಬಿಡಿಸುವಾಗ ಜೋಡಿಸೋದು ಒಳ್ಳೇದು.

ಪ್ರಶ್ನೆ: ಬದಲಾದ ಮರ ಸರಿಯಿದೆಯಾ ಅಂತ ನೋಡೋದು ಹೇಗೆ?

ಮೊದಲು ತುದಿಗಳನ್ನು ಎಣಿಸಿ. ಆಮೇಲೆ ಹಳೆಯ ಮರಕ್ಕೂ ಹೊಸದಕ್ಕೂ ರಾಬಿನ್ಸನ್–ಫೌಲ್ಡ್ಸ್ ದೂರ ಲೆಕ್ಕ ಹಾಕಿ, ಸೊನ್ನೆ ಬರಬೇಕು. ಆದರೆ ಅದು ಆಕಾರವನ್ನಷ್ಟೇ ನೋಡುತ್ತೆ, ಸಂಭಾವ್ಯತೆಯನ್ನಲ್ಲ. ಅದಕ್ಕೆ ಎರಡೂ ಕಡತ ತೆರೆದು, ಕನ್ನಡ–ಬಡಗ ಕೂಡುವ ಗಂಟಿನಲ್ಲಿ ಅದೇ ಸಂಖ್ಯೆ ಇದೆಯಾ ಅಂತ ಕಣ್ಣಾರೆ ನೋಡಬೇಕು.