ಲಾಡ್ಜಿನ ಮೇಜಿಗೆ ಬದಲಾಗಿ ಯಂತ್ರ

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೋಟೆಲ್ ಎಂದರೆ ಇಡ್ಲಿ-ಕಾಫಿ ಸಿಗುವ ಜಾಗ. ರಾತ್ರಿ ತಂಗುವುದಕ್ಕೆ ಲಾಡ್ಜು. ‘ಸೆಲ್ಫ್ ಸರ್ವಿಸ್’ ಎಂಬ ಮಾತನ್ನು ನಾವು ಕಲಿತದ್ದೂ ದರ್ಶಿನಿಗಳಲ್ಲಿ ಟೋಕನ್ ಹಿಡಿದು ನಿಂತಾಗ. ಅದೇ ಮಾತು ಈಗ ದೊಡ್ಡ ಊರುಗಳಲ್ಲಿ ತಂಗುವ ಹೋಟೆಲುಗಳಿಗೂ ಬಂದಿದೆ. ಒಳಗೆ ಕಾಲಿಟ್ಟರೆ ಎದುರಿಗೆ ಕಾಣುವುದು ಮ್ಯಾನೇಜರ್ ಅಲ್ಲ, ಆಳೆತ್ತರದ ಒಂದು ಯಂತ್ರ.

ಇದು ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ನೀವು ಮೊದಲೇ ಕಾಯ್ದಿರಿಸಿದ ಸಂಖ್ಯೆಯನ್ನೋ ಮೊಬೈಲ್ ಸಂಖ್ಯೆಯನ್ನೋ ಪರದೆಯ ಮೇಲೆ ಒತ್ತಿದರೆ, ಯಂತ್ರವು ಹೋಟೆಲಿನ ಕಂಪ್ಯೂಟರಿನಿಂದ ನಿಮ್ಮ ಹೆಸರನ್ನು ತರಿಸಿಕೊಳ್ಳುತ್ತದೆ. ಗುರುತಿನ ಚೀಟಿಯನ್ನು ಗಾಜಿನ ಮೇಲೆ ಇಡಲು ಹೇಳುತ್ತದೆ. ಕೆಲವು ಯಂತ್ರಗಳು ನಿಮ್ಮ ಮುಖದ ಚಿತ್ರವನ್ನೂ ತೆಗೆದು ಚೀಟಿಯ ಚಿತ್ರದೊಡನೆ ಹೋಲಿಸುತ್ತವೆ. ಹಣ ಸಂದ ಮೇಲೆ ಕೀಲಿಕೈಗೆ ಬದಲಾಗಿ ಒಂದು ಪ್ಲಾಸ್ಟಿಕ್ ಕಾರ್ಡು ಹೊರಬರುತ್ತದೆ. ಆ ಕಾರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಯಾವ ಕೋಣೆ, ಯಾವ ಹೊತ್ತಿನವರೆಗೆ ಎಂಬ ವಿವರ. ಬಾಗಿಲಿನ ಬೀಗ ಬ್ಯಾಟರಿಯಿಂದ ನಡೆಯುತ್ತದೆ, ತನ್ನೊಳಗಿನ ಗಡಿಯಾರವನ್ನು ನೋಡಿಕೊಳ್ಳುತ್ತದೆ. ಅವಧಿ ಮುಗಿದರೆ ತೆರೆಯದು. ಮಧ್ಯಾಹ್ನ ಊಟಕ್ಕೆ ಹೋಗಿ ಬಂದವರು ಬಾಗಿಲ ಮುಂದೆ ಪೆಚ್ಚಾಗಿ ನಿಲ್ಲುವುದು ಇದರಿಂದಲೇ.

ಈ ಯೋಚನೆ ಹೊಸದೂ ಅಲ್ಲ. ಫ್ರಾನ್ಸಿನಲ್ಲಿ 1985ರಲ್ಲಿ ಆರಂಭವಾದ ‘ಫಾರ್ಮುಲೆ 1’ ಎಂಬ ಅಗ್ಗದ ಹೋಟೆಲುಗಳಲ್ಲಿ, ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ಬ್ಯಾಂಕ್ ಕಾರ್ಡು ತೋರಿಸಿ ಕೋಣೆ ಪಡೆಯಬಹುದಾಗಿತ್ತು. ಜಪಾನಿನಲ್ಲಿ 2015ರಲ್ಲಿ ತೆರೆದ ‘ಹೆನ್ ನಾ’ ಹೋಟೆಲು ಯಂತ್ರಮಾನವರನ್ನೇ ಸ್ವಾಗತಕ್ಕೆ ನಿಲ್ಲಿಸಿತು. 2019ರ ವೇಳೆಗೆ ಅವುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಮನೆಗೆ ಕಳಿಸಿತು.

ಇನ್ನು ನಮ್ಮ ಊರುಗಳ ಮಾತು. ಚಿಕ್ಕಮಗಳೂರಿಗೆಂದು ಕಡೂರಿನಲ್ಲಿ ರೈಲು ಇಳಿಯುವವರು, ಕೆಮ್ಮಣ್ಣುಗುಂಡಿಗೆಂದು ತರೀಕೆರೆಯಲ್ಲಿ ಇಳಿಯುವವರು ಹೊತ್ತಲ್ಲದ ಹೊತ್ತಿನಲ್ಲಿ ಲಾಡ್ಜು ಹುಡುಕುವುದುಂಟು. ಅಲ್ಲಿ ಬೇಕಾದದ್ದು ಉದ್ದನೆಯ ರಿಜಿಸ್ಟರ್ ಪುಸ್ತಕ: ಹೆಸರು, ವಿಳಾಸ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಉದ್ದೇಶವೇನು, ಸಹಿ. ಯಂತ್ರ ಬಂದರೂ ಈ ಪುಸ್ತಕ ಹೋಗುವುದಿಲ್ಲ; ಬರೆಯುವ ಕೈ ಮಾತ್ರ ಬದಲಾಗುತ್ತದೆ. ಯಂತ್ರವಿಲ್ಲದ ಕಡೆಯೂ ಅರ್ಧ ಕೆಲಸ ಆಗಲೇ ನಮ್ಮ ಪಾಲಿಗೆ ಬಂದಿದೆ. ಬಾಡಿಗೆಗೆ ಕ್ಯೂಆರ್ ಫಲಕ, ಗುರುತಿಗೆ ‘ಆಧಾರ್ ಫೋಟೋ ವಾಟ್ಸಾಪ್ ಮಾಡಿ’ ಎಂಬ ಸೂಚನೆ.

ಎಚ್ಚರ ಬೇಕಾದದ್ದು ಇಲ್ಲಿಯೇ. ಪುಸ್ತಕದಲ್ಲಿ ಬರೆದದ್ದು ಆ ಮೇಜಿನ ಖಾನೆಯಲ್ಲಿ ಉಳಿಯುತ್ತಿತ್ತು. ಫೋಟೋ ಹಾಗಲ್ಲ; ಯಾರ ಮೊಬೈಲಿನಲ್ಲಿ ಎಷ್ಟು ವರ್ಷ ಇರುತ್ತದೆಂದು ನಿಮಗೆ ತಿಳಿಯುವುದಿಲ್ಲ. ಖಾಸಗಿ ಕಂಪನಿಗಳು ಆಧಾರ್ ಬಳಸಲು ಅವಕಾಶವಿದ್ದ ಕಾನೂನಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯು, ಪರವಾನಗಿಯಿಲ್ಲದ ಹೋಟೆಲುಗಳು ಆಧಾರ್ ಪ್ರತಿ ಇಟ್ಟುಕೊಳ್ಳುವಂತಿಲ್ಲ ಎಂದು ಪ್ರಕಟಣೆ ಕೊಟ್ಟಿತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡು, ಜನ ತಮ್ಮ ವಿವೇಕ ಬಳಸಲಿ ಎಂದಿತು. ಹಿಂತೆಗೆದುಕೊಂಡ ರೀತಿ ಗೊಂದಲವನ್ನೇ ಹೆಚ್ಚಿಸಿತೆನ್ನಬೇಕು.

ಹಾಗಾದರೆ ನೀವು ಮಾಡಬಹುದಾದದ್ದೇನು? ಗುರುತು ತೋರಿಸಲೇಬೇಕು, ಆದರೆ ಅದು ಆಧಾರ್ ಆಗಿರಬೇಕೆಂದಿಲ್ಲ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಕೊಡಲು ಅಡ್ಡಿಯಿಲ್ಲ. ಆಧಾರನ್ನೇ ಕೊಡುವುದಾದರೆ, ಪ್ರಾಧಿಕಾರದ ಜಾಲತಾಣದಿಂದ ‘ಮಾಸ್ಕ್ಡ್’ ಪ್ರತಿಯನ್ನು ಇಳಿಸಿಕೊಳ್ಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿದ್ದು, ಕೊನೆಯ 4 ಮಾತ್ರ ಕಾಣುತ್ತವೆ. ಜೆರಾಕ್ಸ್ ಕೊಡುವವರು ಅದರ ಮೇಲೆ ಲಾಡ್ಜಿನ ಹೆಸರು, ತಾರೀಖು ಅಡ್ಡಲಾಗಿ ಬರೆದುಕೊಡಿ. ಆ ಹಾಳೆ ಬೇರೆ ಕಡೆ ಸುಲಭವಾಗಿ ನಡೆಯದು.

ಯಂತ್ರವಿರುವ ಕಡೆ ಕೋಣೆ ಕಾಯ್ದಿರಿಸುವಾಗ ಇನ್ನೆರಡು ವಿಷಯ ಕೇಳಿಕೊಳ್ಳಿ. ಪರದೆಯಲ್ಲಿ ಕನ್ನಡ ಇದೆಯೇ? ಮನೆಯ ಹಿರಿಯರನ್ನು ಕರೆದೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ. ರಾತ್ರಿ ಎರಡು ಗಂಟೆಗೆ ಯಂತ್ರ ಕೈಕೊಟ್ಟರೆ, ಕರೆಂಟು ಹೋದರೆ, ಬಂದು ಬಾಗಿಲು ತೆಗೆಯುವವರು ಯಾರು? ಅವರ ಫೋನ್ ಸಂಖ್ಯೆಯನ್ನು ರೈಲು ಹತ್ತುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.