ಬೆಂಕಿಯಲ್ಲಿ ಅರಳುವ ಪುಡಿ

ಮಣ್ಣು ಗಡಿಗೆಯಾಗಬೇಕಾದರೂ ಅದಿರು ಕಬ್ಬಿಣವಾಗಬೇಕಾದರೂ ಬೆಂಕಿ ಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಇದು ಹೊಸ ಮಾತಲ್ಲ. ತರೀಕೆರೆಯ ಬಳಿಯ ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು, 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವಾಯಿತು. ಅದಕ್ಕಾಗಿ ಮಲೆನಾಡಿನ ಮರಗಳು ಇದ್ದಿಲಾಗಿ ಉರಿದವು. ಬೆಂಕಿ ಬೇಕೆಂದರೆ ಉರುವಲನ್ನು ತೆರಲೇಬೇಕು.

ಅಲ್ಯೂಮಿನಿಯಮ್ ಲೋಹದ ಆಕ್ಸೈಡಾದ ಅಲ್ಯೂಮಿನ ಬಲು ಗಟ್ಟಿಯಾದ ಪಿಂಗಾಣಿ ಪದಾರ್ಥ. ಅದರ ಸ್ಥಿರರೂಪವನ್ನು ಪಡೆಯಲು ವಾಡಿಕೆಯ ಕ್ರಮದಲ್ಲಿ ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವಿನಲ್ಲಿ ಬಹುಕಾಲ ಕಾಯಿಸಬೇಕು. ಹೀಗೆ ಕಾಯಿಸಿದಷ್ಟೂ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಆದರೆ ನಮಗೆ ಬೇಕಾದುದು ನಯವಾದ ಪುಡಿ. ಈ ತೊಡಕಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಾದ ಕಿಂಗ್ಸ್ಲಿ ಮತ್ತು ಕೆ. ಸಿ. ಪಾಟೀಲರು 1988ರಲ್ಲಿ ಒಂದು ಸುಲಭೋಪಾಯವನ್ನು ಪ್ರಕಟಿಸಿದರು. ಅದೇ ದಹನ ಸಂಶ್ಲೇಷಣೆ.

ಇದರಲ್ಲಿ ಉರುವಲಾಗುವುದು ನಮ್ಮ ರೈತರು ಹೊಲಕ್ಕೆ ಎರಚುವ ಯೂರಿಯ! ಅಲ್ಯೂಮಿನಿಯಮ್ ನೈಟ್ರೇಟಿನ 2 ಅಣುಗಳಿಗೆ ಯೂರಿಯದ 5 ಅಣುಗಳಂತೆ ಬೆರೆಸಿ, ನೀರಿನಲ್ಲಿ ಕರಗಿಸಿ, 500 ಡಿಗ್ರಿಯ ಕುಲುಮೆಯಲ್ಲಿಡುತ್ತಾರೆ. ದ್ರಾವಣ ಕುದಿಯುತ್ತದೆ, ನೊರೆಯುಕ್ಕುತ್ತದೆ, ಥಟ್ಟನೆ ಹೊತ್ತಿಕೊಳ್ಳುತ್ತದೆ. ನೈಟ್ರೇಟು ಆಮ್ಲಜನಕವನ್ನು ಒದಗಿಸಿದರೆ ಯೂರಿಯ ಉರಿಯುತ್ತದೆ. ಜ್ವಾಲೆಯ ಕಾವು ಕುಲುಮೆಯ ಕಾವನ್ನು ಬಹುವಾಗಿ ಮೀರುತ್ತದೆ. ಐದೇ ನಿಮಿಷಗಳಲ್ಲಿ ಎಲ್ಲವೂ ಮುಗಿದು, ಪಾತ್ರೆಯ ತುಂಬ ಅರಳಿನಂತೆ ಹಗುರಾದ ಬಿಳಿಯ ಬುರುಗು ಉಳಿಯುತ್ತದೆ. ಹೊರಚಿಮ್ಮುವ ನೀರಾವಿ, ಸಾರಜನಕ, ಇಂಗಾಲದ ಡೈಆಕ್ಸೈಡುಗಳು ಕಣಗಳನ್ನು ಚದುರಿಸಿ, ಕಾವನ್ನೂ ಹೊತ್ತೊಯ್ಯುತ್ತವೆ. ಕಣಗಳು ದಪ್ಪವಾಗಲು ಸಮಯವೇ ಸಿಗುವುದಿಲ್ಲ.

ಮುಂದೆ ಬೇರೆ ಬೇರೆ ಇಂಧನಗಳನ್ನು ಬಳಸಿ ಇದೇ ಮಾರ್ಗದಲ್ಲಿ ನ್ಯಾನೊ ಕಣಗಳನ್ನೂ ಪಡೆದರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೊಮೀಟರ್.

ಪಿಂಗಾಣಿಯ ದೊಡ್ಡ ದೋಷವೆಂದರೆ ಅದರ ಪೆಡಸುತನ. ಒಮ್ಮೆ ಸೀಳು ಬಿಟ್ಟರೆ ಅದು ಕೊನೆಯವರೆಗೂ ಓಡುತ್ತದೆ. ಮೊದಲ ದ್ರಾವಣದಲ್ಲಿಯೇ ಜಿರ್ಕೋನಿಯಮ್ ಲವಣವನ್ನೂ ಕರಗಿಸಿ, ಇಂಧನವನ್ನು ತಕ್ಕಷ್ಟು ಹೆಚ್ಚಿಸಿ ಉರಿಸಿದರೆ, ಅಲ್ಯೂಮಿನದ ನಡುವೆ ಜಿರ್ಕೋನಿಯ ಕಣಗಳು ಸಮನಾಗಿ ಹರಡಿದ ಸಂಯುಕ್ತ ಪುಡಿ ದೊರೆಯುತ್ತದೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟ ವಸ್ತುವಿನಲ್ಲಿ ಸೀಳು ಬಂದಾಗ, ಅದರ ತುದಿಯಲ್ಲಿರುವ ಜಿರ್ಕೋನಿಯ ಕಣಗಳು ತಮ್ಮ ರಚನೆಯನ್ನು ಬದಲಿಸಿ ಕೊಂಚ ಹಿಗ್ಗಿ, ಸೀಳನ್ನು ಅದುಮಿ ತಡೆಯುತ್ತವೆ. ಕಣಗಳು ಸಾಕಷ್ಟು ಸಣ್ಣವಿದ್ದರೆ ಮಾತ್ರ ಈ ಗುಣ ಉಳಿಯುತ್ತದೆ. ಲೋಹವನ್ನು ಕತ್ತರಿಸುವ ಉಳಿಗಳಿಗೂ ಕೃತಕ ಸೊಂಟದ ಕೀಲುಗಳಿಗೂ ಇಂತಹ ಪಿಂಗಾಣಿ ಒದಗಿದೆ.

ಈ ಕ್ರಿಯೆಯಲ್ಲಿ ಅಳತೆ ತಪ್ಪಿದರೆ ವಿಷಾನಿಲಗಳು ಏಳಬಹುದು. ಆದುದರಿಂದ ಇದು ತಜ್ಞರ ಪ್ರಯೋಗಶಾಲೆಗೇ ಮೀಸಲು. ಬೆಂಕಿಯನ್ನು ಹೆಚ್ಚಿಸುವುದು ಸುಲಭ. ಅದನ್ನು ಅಳತೆಯಲ್ಲಿಟ್ಟು ದುಡಿಸಿಕೊಳ್ಳುವುದೇ ವಿಜ್ಞಾನ.